ತಟ್ಟೆಯ ಬೆಲೆ ಬಲ್ಲವರು ಬಾರಿಸಿದವನ ಹೆಸರು ಬಲ್ಲರೆ?

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುವ ಹುಚ್ಚು ಈಗ ನಮ್ಮ ಹೊರನಾಡ ಕನ್ನಡಿಗರ ಮಕ್ಕಳನ್ನೂ ಹಿಡಿದಿದೆ. ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಟ್ಟ ತಲೆಮಾರಿನವರು ನಾವು. ಮಕ್ಕಳಿಗೆ ಬುದ್ಧಿ ಹೇಳುವ ಅಧಿಕಾರ ನಮಗೆಲ್ಲಿಯದು? ಅಮೆರಿಕದ ಕಪ್ಪು ಜನರ ಸೋಲ್, ಫಂಕ್ ಸಂಗೀತದ ತಟ್ಟೆಗಳಿಗಾಗಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಭಾನುವಾರವೆಲ್ಲ ಧೂಳು ಕುಡಿಯುವ ಹುಡುಗನ ಅಭಿರುಚಿ ಕೀಳೆಂದು ಹೇಳುವವರ ಪೈಕಿಯೂ ನಾನಲ್ಲ. ನನ್ನ ಜಗಳವಿರುವುದು ಇವರು ಇಡುವ ಲೆಕ್ಕದ ಬಗ್ಗೆ. ಮೊದಲ ಮುದ್ರಣವೋ ಎರಡನೆಯದೋ, ಲೇಬಲ್ಲಿನ ಬಣ್ಣ ಯಾವುದು, ಸೀಲು ಒಡೆದಿದೆಯೋ ಇಲ್ಲವೋ, ಇವೆಲ್ಲ ಇವರಿಗೆ ಕಂಠಪಾಠ. ಡ್ರಮ್ ಬಾರಿಸಿದವನು ಯಾರಪ್ಪ ಎಂದು ಕೇಳಿ ನೋಡಿ, ಮುಖ ಮುಖ ನೋಡುತ್ತಾರೆ.

ಸೋಲ್ ಎಂದರೆ ಗೆಲುವಿಗೆ ವಿರುದ್ಧವಾದ ನಮ್ಮ ಸೋಲಲ್ಲ, ಆತ್ಮ. ಇಗರ್ಜಿಯ ಭಜನೆಯಲ್ಲಿ ಪಳಗಿದ ಕಂಠವನ್ನು ಪ್ರೀತಿ, ವಿರಹ, ಬಡತನದ ಹಾಡಿಗೆ ತಂದಾಗ ಹುಟ್ಟಿದ್ದು ಅದು. 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಮತ್ತು ಅವರ ಮೇಳದವರು ಲಯಕ್ಕೆ ಪಟ್ಟ ಕಟ್ಟಿ, ನಾಲ್ಕೆಣಿಕೆಯ ಮೊದಲ ಪೆಟ್ಟಿಗೆ ಒತ್ತು ಕೊಟ್ಟು ರೂಪಿಸಿದ್ದು ಫಂಕ್. ತೊಡೆಯ ಮೇಲೆ ತಾಳ ಹಾಕಬಲ್ಲ ನಮ್ಮ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಹಾಡುಗಳು ಹೆಚ್ಚಾಗಿ ಹೊರಬಂದದ್ದು ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ಪುಟ್ಟ ತಟ್ಟೆಗಳಲ್ಲಿ, ಮಗ್ಗುಲಿಗೊಂದರಂತೆ.

ಈ ಹವ್ಯಾಸದ ಕಾಶಿಯೆಂದರೆ ಇಂಗ್ಲೆಂಡಿನ ಉತ್ತರ ಭಾಗ. ಅಲ್ಲಿನ ಗಿರಣಿ ಊರುಗಳ ದುಡಿಯುವ ಹುಡುಗ ಹುಡುಗಿಯರು ಡೆಟ್ರಾಯಿಟಿನ ಮಾರಾಟವಾಗದೆ ಉಳಿದ ಹಾಡುಗಳಿಗೆ ರಾತ್ರಿಯಿಡೀ ಕುಣಿದರು. ಅದಕ್ಕೆ ‘ನಾರ್ದರ್ನ್ ಸೋಲ್’ ಎಂದೇ ಹೆಸರಾಯಿತು. 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ ಅದರ ದೊಡ್ಡ ಅಡ್ಡೆ. ಅಲ್ಲಿ ಮೆರೆದ ಹಾಡುಗಳಲ್ಲೊಂದು ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್ ಕಂಪನಿಗಾಗಿ ಹಾಡಿದ ‘ಡು ಐ ಲವ್ ಯೂ’. ವಿಲ್ಸನ್ ಗಾಯಕರಾಗುವ ಬದಲು ಕಂಪನಿಯ ನಿರ್ಮಾಪಕರಾಗಿಯೇ ಉಳಿದದ್ದರಿಂದ ಆ ತಟ್ಟೆ ಪೇಟೆಗೆ ಬರಲಿಲ್ಲ. ಒತ್ತಿದ್ದ ಮಾದರಿ ಪ್ರತಿಗಳೂ ನಾಶವಾಗಿ ಬೆರಳೆಣಿಕೆಯಷ್ಟು ಉಳಿದವು. ಅದು ಇಂಗ್ಲೆಂಡಿಗೆ ಬಂದಾಗ ಏನು ಮಾಡಿದರು ಗೊತ್ತೆ? ಪ್ರತಿಸ್ಪರ್ಧಿಗಳಿಗೆ ಸುಳಿವು ಸಿಗದಿರಲೆಂದು ಎಡ್ಡಿ ಫಾಸ್ಟರ್ ಎಂಬ ಸುಳ್ಳು ಹೆಸರಿನಲ್ಲಿ ನುಡಿಸಿದರು. ಸಾವಿರಾರು ಜನ ಆ ಕಂಠಕ್ಕೆ ಕುಣಿದರು, ಕಂಠದ ಒಡೆಯನ ಹೆಸರು ತಿಳಿಯದೆ. ಒಬ್ಬ ಕಲಾವಿದನಿಗೆ ಅವನ ಅಭಿಮಾನಿಯೇ ಮಾಡಬಹುದಾದ ಅನ್ಯಾಯ ಇದಕ್ಕಿಂತ ದೊಡ್ಡದು ಯಾವುದು?

1979ರಲ್ಲಿ ಮೋಟೌನಿನ ಬ್ರಿಟಿಷ್ ಶಾಖೆ ಇದೇ ಹಾಡನ್ನು ವಿಲ್ಸನ್ನರ ಹೆಸರಿನಲ್ಲಿ ಪ್ರಕಟಿಸಿತು. ಅಂದಿನಿಂದ ಯಾರು ಬೇಕಾದರೂ ನಾಲ್ಕು ಕಾಸಿಗೆ ಕೊಂಡು ಕೇಳಬಹುದಾಗಿತ್ತು. ಆದರೂ 2009ರಲ್ಲಿ ಮೂಲ ಪ್ರತಿಯೊಂದು 25 ಸಾವಿರ ಪೌಂಡಿಗೂ ಮೇಲೆ ಹರಾಜಾಯಿತು. 2020ರಲ್ಲಿ ಒಂದು ಪ್ರತಿಗೆ ಒಂದು ಲಕ್ಷ ಪೌಂಡ್ ಬಂತೆಂದು ಪತ್ರಿಕೆಗಳು ಬರೆದವು. ಅಷ್ಟರಲ್ಲಿ ವಿಲ್ಸನ್ ತೀರಿಕೊಂಡು ಎಂಟು ವರ್ಷವಾಗಿತ್ತು. ಹಳೆಯ ತಟ್ಟೆ ಕೈಯಿಂದ ಕೈಗೆ ಹೋದಾಗ ಹಾಡಿದವನಿಗೆ ಗೌರವಧನವೆಂಬುದಿಲ್ಲ. ಹೊಸದಾಗಿ ಒತ್ತಿದ ಪ್ರತಿ ಕೊಂಡರೆ, ಕರಾರು ನೆಟ್ಟಗಿದ್ದಲ್ಲಿ, ಒಂದಿಷ್ಟಾದರೂ ಸಲ್ಲುತ್ತದೆ. ನಮ್ಮ ಸಂಗ್ರಾಹಕ ಮಹಾಶಯರು ಮೂಗು ಮುರಿಯುವುದು ಆ ಹೊಸ ಪ್ರತಿಯ ಬಗ್ಗೆಯೇ.

ಇವರ ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಡಲಾರೆ. ಕಂಪನಿಗಳು ಕಸವೆಂದು ಎಸೆದದ್ದನ್ನು ಎತ್ತಿಟ್ಟವರು ಸಂಗ್ರಾಹಕರು. 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದು ಮೂಲ ಟೇಪುಗಳು ಸುಟ್ಟವು. ಎಷ್ಟು ಸುಟ್ಟವೆಂಬ ಬಗ್ಗೆ ಇನ್ನೂ ಚರ್ಚೆಯಿದೆ. ಟೇಪು ಹೋದಲ್ಲಿ ತಟ್ಟೆಯೇ ಗತಿ. ಇಂಗ್ಲೆಂಡಿನ ಆ ಕುಣಿಯುವ ಮಂದಿ ಶಿಕಾಗೋದ ಮೇಜರ್ ಲಾನ್ಸ್ ಅವರಂಥ ಗಾಯಕರನ್ನು ಕರೆಸಿ ಹಾಡಿಸಿದರು ಕೂಡ. ಹಾಗೆ ಮಾಡುವವರಿಗೆ ನನ್ನ ನಮಸ್ಕಾರ. ನಾನು ಹೇಳುತ್ತಿರುವುದು ತಟ್ಟೆಯನ್ನು ಚಿನ್ನದ ಬಿಸ್ಕತ್ತಿನಂತೆ ಕಪಾಟಿನಲ್ಲಿ ಜೋಡಿಸುವವರ ಮಾತು. ಸೀಲು ಒಡೆಯದ ತಟ್ಟೆಗೆ ಬೆಲೆ ಹೆಚ್ಚಂತೆ. ಅಂದರೆ ಯಾರ ಕಿವಿಗೂ ಬೀಳದ ಸಂಗೀತವೇ ಶ್ರೇಷ್ಠ ಸಂಗೀತ! ಎಲೆ ಹಾಕಿ, ಹೋಳಿಗೆ ಬಡಿಸಿ, ಮುಟ್ಟಬೇಡಿ, ಮುಟ್ಟಿದರೆ ಮೈಲಿಗೆ ಎಂದ ಹಾಗಾಯಿತು.

ಬೆಲೆ ಹಿಂಬಾಲಿಸುವುದು ಅಭಾವವನ್ನು, ಸಂಗೀತವನ್ನಲ್ಲ. ಬೇಕಾದರೆ 1969ರ ಇನ್ನೊಂದು ತಟ್ಟೆ ನೋಡಿ. ವಿನ್‌ಸ್ಟನ್ಸ್ ಎಂಬ ಮೇಳದ ‘ಕಲರ್ ಹಿಮ್ ಫಾದರ್’ ಆ ಕಾಲದಲ್ಲಿ ಚೆನ್ನಾಗಿ ಮಾರಾಟವಾದದ್ದರಿಂದ ಈಗಲೂ ಸಿಗುತ್ತದೆ, ಹಾಗಾಗಿ ಅದಕ್ಕೆ ಮರ್ಯಾದೆಯಿಲ್ಲ. ಅದರ ಹಿಂಬದಿಯ ‘ಏಮೆನ್, ಬ್ರದರ್’ನಲ್ಲಿ ಗ್ರೆಗರಿ ಕೋಲ್ಮನ್ ಒಂಟಿಯಾಗಿ ಆರೇಳು ಸೆಕೆಂಡು ಡ್ರಮ್ ಬಾರಿಸಿದ್ದಾರೆ. ಆ ತುಣುಕನ್ನು ಕತ್ತರಿಸಿ ಅಂಟಿಸಿ ಮುಂದಿನವರು ಸಾವಿರಾರು ಹಾಡು ಮಾಡಿಕೊಂಡರು. ಕೋಲ್ಮನ್ 2006ರಲ್ಲಿ ಕಡುಬಡತನದಲ್ಲಿ ಸತ್ತರು. ಮೇಳದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24 ಸಾವಿರ ಪೌಂಡ್ ಕೊಟ್ಟರು. ಒಂದು ಮೂಲ ತಟ್ಟೆಗೆ ಬಂದಷ್ಟು ಹಣ ಒಂದು ಮೇಳದ ಜೀವಮಾನದ ಬಾಕಿಗೆ! ಜೇಮ್ಸ್ ಬ್ರೌನರ ‘ಫಂಕಿ ಡ್ರಮ್ಮರ್’ ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಕಥೆಯೂ ಬೇರೆಯಲ್ಲ.

ಮೋಟೌನಿನಲ್ಲಂತೂ ಡೆಟ್ರಾಯಿಟಿನ ಒಂದು ನೆಲಮಾಳಿಗೆಯಲ್ಲಿ ದಿನಗೂಲಿಯವರಂತೆ ಕುಳಿತು ಆ ಕಂಪನಿಯ ಸಾಲು ಸಾಲು ಹಾಡುಗಳಿಗೆ ನುಡಿಸಿದ ಫಂಕ್ ಬ್ರದರ್ಸ್ ತಂಡದವರ ಹೆಸರು ತಟ್ಟೆಯ ಹೊದಿಕೆಯ ಮೇಲೆ ಬರಲು 1971ರವರೆಗೆ ಕಾಯಬೇಕಾಯಿತು. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಅವರನ್ನು ಹೆಸರಿಸಿತು. ಮರುವರ್ಷ ಕಂಪನಿ ಲಾಸ್ ಏಂಜಲಿಸಿಗೆ ಗಂಟುಮೂಟೆ ಕಟ್ಟಿತು. ಬಾಸ್ ಗಿಟಾರಿನ ಜೇಮ್ಸ್ ಜೇಮರ್ಸನ್ 1983ರಲ್ಲಿ 47ನೆಯ ವಯಸ್ಸಿಗೇ ಹೋದರು.

ಅಮೆರಿಕದ ಸಂಗತಿ ನಮಗೇಕೆ ಎನ್ನುವ ಬಂಧುಗಳು ಅಟ್ಟದ ಮೇಲಿನ ಟ್ರಂಕು ಇಳಿಸಿ ಕನ್ನಡ ಚಿತ್ರಗೀತೆಗಳ ತಟ್ಟೆಗಳನ್ನೊಮ್ಮೆ ತಿರುವಿ ನೋಡಬೇಕು. ಗಾಯಕರಿದ್ದಾರೆ, ಕವಿ ಇದ್ದಾರೆ, ಸಂಗೀತ ನಿರ್ದೇಶಕರಿದ್ದಾರೆ. ಪಿಟೀಲು, ತಬಲ, ಕೊಳಲಿನವರು ಎಲ್ಲಿ? ನಮ್ಮ ಹಾಡುಗಳು ಬಹುಕಾಲ ಧ್ವನಿಮುದ್ರಣಗೊಂಡದ್ದು ಮದರಾಸಿನಲ್ಲಿ. 1976ರ ‘ಅನ್ನಕ್ಕಿಳಿ’ಯಿಂದ ಸಂಗೀತ ನಿರ್ದೇಶಕರಾಗಿ ಹೆಸರಾದ ಇಳಯರಾಜ ಅದಕ್ಕೆ ಮುಂಚೆ ನಮ್ಮ ಜಿ.ಕೆ. ವೆಂಕಟೇಶರ ಸಹಾಯಕರಾಗಿ ಗಿಟಾರ್ ನುಡಿಸುತ್ತಿದ್ದರು. ಅವರು ಮುಂದೆ ದೊಡ್ಡವರಾದದ್ದರಿಂದ ಅಷ್ಟು ತಿಳಿದಿದೆ. ಅವರ ಪಕ್ಕದ ಕುರ್ಚಿಯವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಬದುಕಿರುವವರಿಗೆ ಎಪ್ಪತ್ತು ಎಂಬತ್ತು ದಾಟಿದೆ. ಚೆನ್ನೈಯ ಕನ್ನಡ ಬಂಧುಗಳು ಮನಸ್ಸು ಮಾಡಿದರೆ ಒಂದು ನೋಟುಪುಸ್ತಕ, ನಾಲ್ಕು ಭಾನುವಾರ ಸಾಕು. ತಡಮಾಡಿದರೆ ಆ ಹೆಸರುಗಳು ಯಾವ ಚೋರ್ ಬಜಾರಿನಲ್ಲೂ ಸಿಗವು.

ನಮ್ಮ ಸಂಗ್ರಾಹಕ ಮಿತ್ರರಲ್ಲಿ ನನ್ನದು ಒಂದೇ ಪ್ರಾರ್ಥನೆ. ತಟ್ಟೆಯ ಹೊದಿಕೆಯೊಳಗೆ ಕೊಂಡ ಬೆಲೆಯ ಚೀಟಿ ಇಡುವವರು ಅದೇ ಚೀಟಿಯಲ್ಲಿ ನುಡಿಸಿದವರ ಹೆಸರನ್ನೂ ಬರೆದಿಡಿ. ತಿಂಗಳಿಗೊಮ್ಮೆ ಸಂಘಕ್ಕೆ ತಂದು ನಾಲ್ಕು ಜನರ ಕಿವಿಗೆ ಹಾಕಿ. ಗೀರು ಬಿದ್ದರೆ ಬೀಳಲಿ. ಯಂತ್ರವಿಲ್ಲವೆಂಬ ನೆಪ ಬೇಡ. ವಾಚನಾಲಯದ ಬೀರುವಿನ ಮೇಲಿರುವ ಹಳೆಯ ರೆಕಾರ್ಡ್ ಪ್ಲೇಯರಿಗೆ ಹೊಸ ಬೆಲ್ಟು, ಹೊಸ ಸೂಜಿ ಹಾಕಿಸಿದರೆ ಈಗಲೂ ತಿರುಗುತ್ತದೆ. ಆ ಖರ್ಚು ನನ್ನದು.