ಬ್ಯಾಗಿನ ಪಟ್ಟಿ ಜಗ್ಗಿ ನೋಡಿ

ಮಳವಳ್ಳಿಯಲ್ಲಿ ನಮ್ಮನೆಯವರದ್ದು ಸಣ್ಣದೊಂದು ಫೋಟೊ ಸ್ಟುಡಿಯೊ. ಮದುವೆ ಸೀಸನ್‌ನಲ್ಲಿ ಒಂದೇ ದಿನ ಎರಡು ಕಡೆ ಒಪ್ಪಿಕೊಂಡುಬಿಟ್ಟರೆ ಒಂದು ಕಡೆಗೆ ನಾನೇ ಕ್ಯಾಮೆರಾ ಹಿಡಿದು ಹೊರಡೋದು. ಸೀಮಂತ, ನಾಮಕರಣ ಅಂದರಂತೂ ಹೆಂಗಸರು "ಅಕ್ಕನೇ ಬರ್ಲಿ" ಅಂತಾರೆ.

ಕಳೆದ ಬೇಸಿಗೆಯಲ್ಲಿ ಮದ್ದೂರು ಕಡೆಯ ಮದುವೆಯೊಂದನ್ನು ಮುಗಿಸಿ ಬಸ್ಸಿನಿಂದ ಇಳಿಯುತ್ತಿದ್ದೆ. ಹೆಗಲ ಮೇಲಿನ ಬ್ಯಾಗು ಇದ್ದಕ್ಕಿದ್ದಂತೆ ಹಗುರಾಯಿತು. ಪಟ್ಟಿ ಕಿತ್ತು ಬಂದು, ಬ್ಯಾಗು ಮೆಟ್ಟಿಲಿಗೆ ಬಡಿದು ನೆಲಕ್ಕೆ ಬಿದ್ದಿತ್ತು. ಒಳಗಿದ್ದದ್ದು ಬಾಡಿಗೆಗೆ ತಂದ ಲೆನ್ಸು, ಅದರ ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಆದರೆ ನನ್ನ ಎದೆ ಹೊಡೆದುಕೊಂಡದ್ದು ಲೆನ್ಸಿಗಲ್ಲ, ಕ್ಯಾಮೆರಾದೊಳಗಿನ ಕಾರ್ಡಿಗೆ. ಹಾಸಿಗೆ ಹಿಡಿದಿದ್ದ ಹುಡುಗಿಯ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ತಂದು ಅಕ್ಷತೆ ಹಾಕಿಸಿದ್ದರು. ಅದನ್ನು ಮತ್ತೆ ಎಲ್ಲಿಂದ ತರೋದು?

ಪುಣ್ಯಕ್ಕೆ ಕಾರ್ಡಿಗೆ ಏನೂ ಆಗಿರಲಿಲ್ಲ. ಲೆನ್ಸಿನ ರಿಪೇರಿಗೆ ಮಾತ್ರ ಆ ಮದುವೆಯ ದುಡಿಮೆಯೆಲ್ಲ ಹೋಯಿತು. ಇವರು ಬೈತಾರೆ ಅಂದುಕೊಂಡಿದ್ದೆ. "ತಪ್ಪು ನಿಂದಲ್ಲ ಕಣೆ. ಕ್ಯಾಮೆರಾಗೆ ಸಾಲ ಮಾಡ್ದೆ, ಬ್ಯಾಗಿಗೆ ಜುಗ್ಗತನ ಮಾಡ್ದೆ" ಅಂದರು. ಅದು ಕ್ಯಾಮೆರಾ ಜೊತೆ ಪುಕ್ಕಟೆ ಬಂದಿದ್ದ ಬ್ಯಾಗು.

ಕಿತ್ತ ಬ್ಯಾಗನ್ನು ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಒಯ್ದೆ. ತಿರುಗಿಸಿ ನೋಡಿ, "ನೋಡಕ್ಕ, ಪಟ್ಟಿ ಚೆನ್ನಾಗೇ ಅದೆ. ಬುಡದಲ್ಲಿ ಒಂದೇ ಸಾಲು ಹೊಲ್ಗೆ ಹಾಕವ್ರೆ, ಬಟ್ಟೆಯೇ ಕಿತ್ಕಂಡು ಬಂದದೆ" ಅಂದ. ನನಗೆ ಬ್ಯಾಗು ಕೊಳ್ಳೋದು ಕಲಿಸಿದ್ದು ಆ ಮಾತೇ.

ಮೊದಲು ನಮ್ಮ ಸಾಮಾನನ್ನೆಲ್ಲ ಅಂಗಡಿ ತಕ್ಕಡಿಯಲ್ಲಿಟ್ಟು ತೂಗಿಸಿದೆ. ಕ್ಯಾಮೆರಾ, ಎರಡು ಲೆನ್ಸು, ಫ್ಲ್ಯಾಶು, ಬ್ಯಾಟರಿ, ಚಾರ್ಜರು ಸೇರಿ 4.5 ಕೆ.ಜಿ.! ಅದನ್ನೆಲ್ಲ ಹೊತ್ತುಕೊಂಡೇ ಮೈಸೂರಿಗೆ ಹೋದೆ. ಅಂಗಡಿಯಲ್ಲಿ ಪ್ರತಿ ಬ್ಯಾಗಿಗೂ ತುಂಬಿಸಿ, ಹತ್ತು ನಿಮಿಷ ಹೆಗಲಿಗೆ ಹಾಕಿಕೊಂಡು ಓಡಾಡಿದೆ. ಅಂಗಡಿಯವರು ನಕ್ಕರು, ನಗಲಿ ಬಿಡಿ.

ಪಟ್ಟಿಯ ಬುಡದಲ್ಲಿ ಚೌಕಾಕಾರದ ಹೊಲಿಗೆ, ಅದರೊಳಗೆ ಅಡ್ಡಡ್ಡ ಗುಣಿಸು ಗುರುತಿನ ಹೊಲಿಗೆ ಇರಬೇಕು. ಪಟ್ಟಿ ಪಕ್ಕದಲ್ಲೇ ಇಳಿದು ತಳದವರೆಗೂ ಹೋಗಿದ್ದರೆ ಇನ್ನೂ ಒಳ್ಳೇದು, ಭಾರವೆಲ್ಲ ಒಂದೇ ಕಡೆ ಜಗ್ಗೋದಿಲ್ಲ. ಕೊಕ್ಕೆ ಪ್ಲಾಸ್ಟಿಕ್ಕಿನದ್ದು ಬೇಡ, ಲೋಹದ್ದಿರಲಿ. ಪಟ್ಟಿ ಎರಡು ಬೆರಳಿಗಿಂತ ಅಗಲವಿದ್ದು, ಹೆಗಲ ಹತ್ತಿರ ಜಾರದಂಥ ಮೆತ್ತೆ ಇರಲಿ. ತಳವನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಬೆರಳಿಗೆ ಆ ಕಡೆಯ ನೆಲ ಸಿಕ್ಕಿದರೆ ಲೆನ್ಸಿಗೂ ಸಿಗುತ್ತೆ.

ಜಿಪ್ಪಿನ ಮೇಲೆ ಮುಚ್ಚಳದಂಥ ಬಟ್ಟೆ ಬೇಕೇ ಬೇಕು. ಮಳೆಗಾಲದಲ್ಲಿ ಜೋಡಿಗಳನ್ನು ಗಗನಚುಕ್ಕಿ, ಭರಚುಕ್ಕಿಗೆ ಕರೆದೊಯ್ಯುತ್ತೇವೆ. ಮೇಲಿಂದ ಮಳೆ, ಎದುರಿಂದ ತುಂತುರು. ಹನಿ ನುಗ್ಗೋದು ಬಟ್ಟೆಯಿಂದಲ್ಲ, ಜಿಪ್ಪಿನ ಸಂದಿಯಿಂದ. ಮಳೆಗವಸೂ ಜೊತೆಗಿರಲಿ. ಮನೆಗೆ ಬಂದ ಮೇಲೆ ಒದ್ದೆ ಬ್ಯಾಗಿನಲ್ಲೇ ಲೆನ್ಸು ಬಿಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತೆ.

ಹಾಗಂತ ಎಲ್ಲಕ್ಕೂ ಹೆಗಲ ಬ್ಯಾಗೇ ಸರಿ ಅನ್ನೋದಿಲ್ಲ. ಇವರು ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಫೋಟೊ ತೆಗೆಯಲು ಹೋದರೆ ದಿನವಿಡೀ ನಡೀಬೇಕು, ಅದಕ್ಕೆ ಬೆನ್ನ ಚೀಲವೇ ವಾಸಿ. ಮದುವೆ ಮನೆಯಲ್ಲಿ ಮಾತ್ರ ಬ್ಯಾಗು ಕೆಳಗಿಡದೆ ನಿಂತಲ್ಲೇ ಲೆನ್ಸು ಬದಲಾಯಿಸಬೇಕು, ಅಲ್ಲಿ ಹೆಗಲ ಬ್ಯಾಗನ್ನು ಬಿಟ್ಟರಿಲ್ಲ. ಎದೆಗೆ ಅಡ್ಡವಾಗಿ ಹಾಕಿಕೊಂಡರೆ ಜಾರೋದೂ ಇಲ್ಲ, ಕತ್ತು ನೋವೂ ಕಮ್ಮಿ.

ನಾನು ತಂದದ್ದು 2,300 ರೂಪಾಯಿಯ ಬ್ಯಾಗು. ಕಂಪನಿ ಹೆಸರು ದಪ್ಪಕ್ಷರದಲ್ಲಿಲ್ಲದ ಮಾಸಲು ಬಣ್ಣದ್ದು. ಬಸ್ಸಿನಲ್ಲಿ ಯಾರೂ ತಿರುಗಿ ನೋಡೋದಿಲ್ಲ. ಇನ್ನೊಂದು ಅಭ್ಯಾಸವೂ ಆಗಿದೆ: ಮದುವೆ ಮುಗಿದ ಕೂಡಲೇ ಕಾರ್ಡು ತೆಗೆದು ಸೊಂಟದ ಪರ್ಸಿಗೆ ಸೇರಿಸಿಬಿಡುತ್ತೇನೆ.

ಆಷಾಢದಲ್ಲಿ ಆ ಮದುವೆ ಮನೆಯವರು ಸ್ಟುಡಿಯೊಗೆ ಬಂದರು. ಅಕ್ಷತೆ ಹಾಕಿದ ಫೋಟೊದಲ್ಲಿ ಅಜ್ಜಿ ಒಬ್ಬರನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿಕೊಡಿ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಕ್ಯಾಮೆರಾ ಇದ್ದರೆ ಇವತ್ತೇ ಬ್ಯಾಗು ಖಾಲಿ ಮಾಡಿ, ಪಟ್ಟಿಯ ಬುಡ ಹಿಡಿದು ಒಮ್ಮೆ ಜೋರಾಗಿ ಜಗ್ಗಿ ನೋಡಿ. ಕಿತ್ತು ಬರೋದಿದ್ದರೆ ಮನೆಯಲ್ಲೇ ಬರಲಿ.