ಮಣ್ಣಿನ ಪದರಿನ ಚಿಪ್ಪನ್ನು ಎಸೆಯಬೇಡಿ

ರೈತ ಬಾಂಧವರಿಗೆ ಬಸವನಹುಳು ಎಂದರೆ ಎಲೆ ತಿನ್ನುವ ಪೀಡೆ. ತೋಟಗಳನ್ನು ಕಾಡುವ ಆಫ್ರಿಕದ ಶಂಖದಹುಳುವನ್ನು ಹತೋಟಿಯಲ್ಲಿಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾವಿ ತೋಡುವಾಗ, ಹಳ್ಳದ ದಂಡೆ ಕುಸಿದಾಗ ಆಳದ ಪದರಿನಲ್ಲಿ ಕಾಣುವ ಹಳೆಯ ಚಿಪ್ಪುಗಳ ವಿಷಯವೇ ಬೇರೆ. ಅವು ಪ್ರಾಚೀನ ಹವಾಮಾನದ ಕುರುಹುಗಳು. ಅವನ್ನು ಕಸವೆಂದು ಎಸೆಯುವುದು ಸಲ್ಲದೆಂಬುದು ನನ್ನ ಅಭಿಪ್ರಾಯ.

ಕಾರಣ ಸರಳವಾಗಿದೆ. ಬಸವನಹುಳು ಬೇಗ ದೂರ ಸಾಗುವ ಪ್ರಾಣಿಯಲ್ಲ. ಒಗ್ಗುವ ತೇವ, ಉಷ್ಣತೆ ಇದ್ದೆಡೆ ಬದುಕುತ್ತದೆ, ಇಲ್ಲದೆಡೆ ಅಳಿಯುತ್ತದೆ. ಕೆಲವು ಜಾತಿಗಳಿಗೆ ಒಣ ಹುಲ್ಲುಗಾವಲು ಸಾಕು, ಕೆಲವಕ್ಕೆ ನೆರಳು ಮತ್ತು ತೇವ ಬೇಕು. ಆದುದರಿಂದ ಒಂದು ಪದರಿನಲ್ಲಿ ಯಾವ ಜಾತಿಯ ಚಿಪ್ಪುಗಳು ಎಷ್ಟಿವೆ ಎಂದು ಎಣಿಸಿದರೆ ಆ ಕಾಲದ ಹವೆಯ ಅಂದಾಜು ದೊರೆಯುತ್ತದೆ.

ಇದಕ್ಕೆ ಉತ್ತಮ ಉದಾಹರಣೆ ಚೀನಾದ ಲೋಯೆಸ್ ಪ್ರಸ್ಥಭೂಮಿ. ಅಲ್ಲಿಯ ಲುವೊಚುವಾನ್‌ನಲ್ಲಿ ಗಾಳಿ ತಂದ ದೂಳು ಸುಮಾರು 25 ಲಕ್ಷ ವರ್ಷಗಳಲ್ಲಿ ನೂರು ಮೀಟರಿಗೂ ಹೆಚ್ಚು ದಪ್ಪವಾಗಿ ಶೇಖರವಾಗಿದೆ. ಮಸುಕು ಬಣ್ಣದ ದೂಳಿನ ಪದರುಗಳಲ್ಲಿ ಚಳಿ ಮತ್ತು ಒಣಹವೆಗೆ ಒಗ್ಗಿದ ಜಾತಿಗಳ ಚಿಪ್ಪುಗಳು ಹೆಚ್ಚು. ಮಳೆ ಚೆನ್ನಾಗಿದ್ದ ಕಾಲದ ಕೆಂಗಂದು ಮಣ್ಣಿನ ಪದರುಗಳಲ್ಲಿ ಬೆಚ್ಚಗಿನ, ತೇವದ ಹವೆ ಬಯಸುವ ಜಾತಿಗಳು ಹೆಚ್ಚು. ಮಾನ್ಸೂನ್ ಮತ್ತೆ ಮತ್ತೆ ಬಲಗೊಂಡು ಕುಗ್ಗಿದ್ದನ್ನು ಮಣ್ಣೂ ಚಿಪ್ಪೂ ಒಟ್ಟಿಗೆ ಹೇಳುತ್ತವೆ.

ನಮ್ಮಲ್ಲಿಯೂ ಇಂಥ ಪದರುಗಳುಂಟು. ಉತ್ತರ ಕರ್ನಾಟಕದ ಬಹುಪಾಲು ಎರೆಭೂಮಿಗೆ ಮೂಲವಾದ ಕಪ್ಪು ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಒಂದು ಹರಿವು ಆರಿ ಇನ್ನೊಂದು ಬರುವ ಮೊದಲು ಅದರ ಮೇಲೆ ಕೆರೆಗಳು ನಿಂತವು. ನಾಗಪುರದ ಸುತ್ತಿನ ಅಂಥ ಪದರುಗಳಲ್ಲಿ ಸಿಹಿನೀರಿನ ಫೈಸಾ ಹುಳುವಿನ ಚಿಪ್ಪುಗಳು ಕಲ್ಲಾಗಿ ಉಳಿದಿವೆ. ನಮ್ಮ ಗುರುಮಠಕಲ್ ಬಳಿಯೂ ಸಿಹಿನೀರಿನ ಜೀವಿಗಳ ಅವಶೇಷಗಳುಳ್ಳ ಇಂಥ ಪದರು ಇದೆ.

ಆದರೆ ಅವಸರದ ತೀರ್ಮಾನ ಬೇಡ. ಚಿಪ್ಪು ಸುಣ್ಣದ್ದು. ಸುಣ್ಣವಿರುವ ಎರೆಮಣ್ಣಿನಲ್ಲಿ ಅದು ಉಳಿಯುತ್ತದೆ, ಮಲೆನಾಡಿನ ಹುಳಿಮಣ್ಣಿನಲ್ಲಿ ಕರಗಿಹೋಗುತ್ತದೆ. ಚಿಪ್ಪಿಲ್ಲದ ಮಾತ್ರಕ್ಕೆ ಹಿಂದೆ ಬರಗಾಲವಿತ್ತೆಂದು ಹೇಳಲಾಗದು. ಒಂಟಿ ಚಿಪ್ಪು ಪ್ರವಾಹದಲ್ಲಿ ಕೊಚ್ಚಿ ಬಂದಿರಲೂಬಹುದು. ಆಫ್ರಿಕದ ಶಂಖದಹುಳುವಂತೂ 1847ರಲ್ಲಿ ಕಲ್ಕತ್ತೆಗೆ ತರಲಾದ ಹೊರನಾಡಿನ ಜೀವಿ. ಅದರ ಚಿಪ್ಪು ಪ್ರಾಚೀನ ಸಾಕ್ಷಿಯಲ್ಲ.

"ಇದರಿಂದ ಬರುವ ವರ್ಷದ ಜೋಳಕ್ಕೇನು ಲಾಭ?" ಎಂದು ಕೇಳಬಹುದು. ಬಿತ್ತನೆಯ ದಿನವನ್ನು ಚಿಪ್ಪು ಹೇಳದು, ನಿಜ. ಆದರೆ ನಮ್ಮ ಬಹುತೇಕ ಊರುಗಳ ಮಳೆಯ ಲೆಕ್ಕ ನೂರೈವತ್ತು ವರ್ಷಗಳಿಗಿಂತ ಹಿಂದೆ ಹೋಗುವುದಿಲ್ಲ. ಕೆಲವು ದಶಕಗಳ ಸರಾಸರಿಯನ್ನೇ "ವಾಡಿಕೆ ಮಳೆ" ಎನ್ನುತ್ತೇವೆ. ಮಳೆ ಎಷ್ಟರಮಟ್ಟಿಗೆ ಏರಿಳಿಯಬಲ್ಲದೆಂದು ತಿಳಿಯಲು ಅಷ್ಟು ಸಾಲದು. ಖುಷ್ಕಿ ಬೇಸಾಯದ ಯೋಜನೆಗೆ ಈ ತಿಳಿವಳಿಕೆ ಅಗತ್ಯ.

ಕೃಷಿ ವಿಜ್ಞಾನಿಗಳು ಮಣ್ಣು ಪರೀಕ್ಷೆಗೆ ಗುಂಡಿ ತೋಡಿದಾಗ ಬಣ್ಣ, ಸುಣ್ಣಗಳ ಜೊತೆಗೆ ಚಿಪ್ಪನ್ನೂ ದಾಖಲಿಸಬೇಕು. ರೈತರು ಚಿಪ್ಪಿನ ಪದರು ಕಂಡಲ್ಲಿ ಅದರ ಆಳವನ್ನು ಅಳೆದು ಬರೆದಿಡಲಿ. ಅಂಟಿದ ಮಣ್ಣನ್ನು ತೊಳೆಯದೆ ಕೆಲವು ಚಿಪ್ಪುಗಳನ್ನು ಕಾಗದದಲ್ಲಿ ಸುತ್ತಿ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಲುಪಿಸಲಿ. ಅಗೆದು ಚದುರಿಸಿದ ಪದರನ್ನು ಮತ್ತೆ ಜೋಡಿಸಲಾಗದು.