ನೆಲದ ಅಳತೆ ತೋರಿಸಿ, ಆಮೇಲೆ ನಮ್ಮ ತಪ್ಪು ಹೇಳಿ: ಎಲೆಕ್ಟ್ರಾನಿಕ್ಸ್ ಕೆಲಸಗಾರರ ಹಕ್ಕೊತ್ತಾಯ ಪತ್ರ

ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆ, ಉಜಿರೆ ಕಡೆಯ ಮೊಬೈಲ್, ಟಿ.ವಿ., ಇನ್ವರ್ಟರ್ ರಿಪೇರಿಯವರೂ ಇಲ್ಲಿಂದ ಬೆಂಗಳೂರು, ನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಹೋದವರೂ ಸೇರಿ, ಮಾಲಕರು, ಕಾರ್ಖಾನೆ ಆಡಳಿತಗಳು ಮತ್ತು ತರಬೇತಿ ಸಂಸ್ಥೆಗಳ ಮುಂದೆ ಇಡುತ್ತಿರುವ ಬೇಡಿಕೆಗಳಿವು.

ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಹವಾಯಿ ಚಪ್ಪಲಿಯಲ್ಲಿ ಓಡಾಡಿದರೆ ಮೈಯಲ್ಲಿ ಸ್ಟ್ಯಾಟಿಕ್ ವಿದ್ಯುತ್ ಕೂಡುತ್ತದೆ. ಅದು ಬೆರಳಿಗೆ ಚುರುಕ್ ಎನ್ನಲು ಸುಮಾರು 3,000 ವೋಲ್ಟ್ ಬೇಕು. ಸೂಕ್ಷ್ಮ ಐಸಿ ಕೆಡಲು 100 ವೋಲ್ಟ್ ಸಾಕು. ಕೆಲವು ಬೋರ್ಡ್ ಅಲ್ಲೇ ಸಾಯುತ್ತವೆ. ಇನ್ನು ಕೆಲವು ಅರೆಜೀವದಲ್ಲಿ ಗಿರಾಕಿಯ ಮನೆಗೆ ಹೋಗಿ, ತಿಂಗಳ ಮೇಲೆ ವಾಪಸ್ ಬರುತ್ತವೆ. ಬೈಗುಳ ಮಾತ್ರ ಸೋಲ್ಡರ್ ಹಿಡಿದವನಿಗೆ. ಮಳೆಗಾಲದಲ್ಲಿ ಘಾಟಿಯ ತೇವ ನಮ್ಮನ್ನು ಕಾಯುವುದು ನಿಜ. ಒಣ ಹವೆಗೂ ಎ.ಸಿ. ಕೋಣೆಗೂ ಆ ರಕ್ಷೆ ಇಲ್ಲ.

1. ಕೆಟ್ಟ ಬೋರ್ಡಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುವುದನ್ನು ನಿಲ್ಲಿಸಬೇಕು. ನಷ್ಟ ನೌಕರನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನ ಮಾತನ್ನೂ ಕೇಳಿರಬೇಕು, ಆಮೇಲಷ್ಟೇ ಕಡಿತ. 1936ರ ವೇತನ ಪಾವತಿ ಕಾಯ್ದೆಯಿಂದಲೂ ಇರುವ ನಿಯಮವಿದು. ನೆಲ, ಅರ್ಥಿಂಗ್ ಅಳೆದ ದಾಖಲೆಯೇ ಇಲ್ಲದವರು ನಿರ್ಲಕ್ಷ್ಯ ಯಾರದೆಂದು ಹೇಗೆ ಹೇಳುತ್ತಾರೆ?

2. ನೆಲ ಹಾಕಿದ ಗುತ್ತಿಗೆದಾರನಿಗೆ ಬಿಲ್ ಪಾವತಿಸುವ ಮೊದಲು ಅದನ್ನು ಅಳೆಯಿಸಿ. ಸ್ಟ್ಯಾಟಿಕ್ ತಡೆಗಿರುವ ಐಇಸಿ 61340-5-1 ಮಾನಕದ ಪ್ರಕಾರ ನೆಲದಿಂದ ಅರ್ಥ್‌ಗೆ ಇರುವ ರೋಧ 100 ಕೋಟಿ ಓಮ್ ಒಳಗಿರಬೇಕು. ಪಾದರಕ್ಷೆ ಹಾಕಿ ನಡೆದವನ ಮೈಯಲ್ಲಿ 100 ವೋಲ್ಟ್ ದಾಟಬಾರದು. ಕಿಸೆಯ ಮಲ್ಟಿಮೀಟರ್ ಇದಕ್ಕೆ ಆಗದು. ಎರಡೂವರೆ ಕಿಲೋ ತೂಕದ ಎಲೆಕ್ಟ್ರೋಡ್ ಇಟ್ಟು ಅಳೆಯುವ ಮೀಟರ್ ಬೇಕು. ಕ್ಯಾಟಲಾಗಿನ ಜೆರಾಕ್ಸ್ ನಮಗೆ ಬೇಡ, ಜುಲೈ ಮಳೆಯಲ್ಲಿ ತೆಗೆದ ಅಳತೆಯೊಂದನ್ನೇ ತೋರಿಸುವುದೂ ಬೇಡ.

3. ಅಡಿಯ ಕಾಂಕ್ರೀಟಿನ ತೇವ ನೋಡದೆ ಎಪಾಕ್ಸಿ ಬಳಿಯಬಾರದು. ಘಾಟಿಯ ಬುಡದ ಈ ನೆಲದಲ್ಲಿ ನೀರು ಕೆಳಗಿನಿಂದಲೇ ಏಳುತ್ತದೆ; ಮೇಲಿನ ಪದರ ಗುಳ್ಳೆ ಎದ್ದು ಕಿತ್ತುಬರುತ್ತದೆ. ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಎತ್ತಿದಾಗ ಒಳಗೆ ಬೆವರು ಕಂಡರೆ, ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ, ಕೆಲಸ ನಿಲ್ಲಿಸಿ. ಬಾಡಿಗೆ ಅಂಗಡಿಗೆ ಇಡೀ ನೆಲ ಬದಲಿಸುವ ಹುಚ್ಚೂ ಬೇಡ. ಕೂರುವ, ನಿಲ್ಲುವ ಜಾಗಕ್ಕೆ ಮತ್ತು ಮೇಜಿನ ಮೇಲಕ್ಕೆ ಸ್ಟ್ಯಾಟಿಕ್ ಮ್ಯಾಟ್ ಸಾಕು. ಅಂಗಡಿ ಬಿಡುವಾಗ ಸುರುಟಿಕೊಂಡು ಹೋಗಬಹುದು.

4. ಕಾರ್ಬನ್ ಬೆರೆಸಿದ ವಿನೈಲ್ ಟೈಲ್ಸನ್ನು ವಿದ್ಯುತ್ ಹರಿಯುವ ಗಮ್‌ನಲ್ಲೇ ಅಂಟಿಸಿ, ಅಡಿಯ ತಾಮ್ರದ ಪಟ್ಟಿಯನ್ನು ಅರ್ಥ್‌ಗೆ ಸೇರಿಸಬೇಕು. ಸಾಮಾನ್ಯ ಗಮ್ ಹಾಕಿದರೆ ಕೊಟ್ಟ ದುಡ್ಡು ನೀರಿಗೆ ಹೋದಂತೆ. ನೆಲಕ್ಕೆಂದು ಬೇರೆ ಗುಂಡಿ ತೋಡದೆ, ತ್ರೀ-ಪಿನ್‌ನ ಅರ್ಥ್‌ಗೇ ಜೋಡಿಸಿ. ಮುರಕಲ್ಲು ಒಣಗಿದಾಗ ಅರ್ಥ್ ಸೋಲುತ್ತದೆ, ಹಾಗಾಗಿ ಅದನ್ನು ಏಪ್ರಿಲ್‌ನಲ್ಲಿ ಅಳೆಯಬೇಕು.

5. ಹಿಮ್ಮಡಿ ಪಟ್ಟಿಯನ್ನೋ ಸ್ಟ್ಯಾಟಿಕ್ ಪಾದರಕ್ಷೆಯನ್ನೋ ಮಾಲಕರೇ ಕೊಡಬೇಕು. ಮಾಮೂಲಿ ಚಪ್ಪಲಿಯಲ್ಲಿ ನಿಂತರೆ ಎಂಥ ನೆಲವೂ ದಂಡ. ಚಪ್ಪಲಿ ಹೊರಗೆ ಬಿಟ್ಟು ಬರುವ ನಮ್ಮ ಊರಿನ ರೂಢಿ ಸ್ಟ್ಯಾಟಿಕ್ ಮಟ್ಟಿಗೆ ಒಳ್ಳೆಯದೇ. ಆದರೆ ಬರಿಗಾಲಲ್ಲಿರುವಾಗ 230 ವೋಲ್ಟ್ ಲೈನ್ ತಾಗಿದರೆ ಜೀವಕ್ಕೆ ಒಳ್ಳೆಯದಲ್ಲ. ಆದ್ದರಿಂದ ಕರೆಂಟಿನಲ್ಲಿರುವ ಸೆಟ್ ಬಿಚ್ಚುವ ಕಡೆ ನೆಲದ ರೋಧ 10 ಲಕ್ಷ ಓಮ್‌ಗಿಂತ ಕೆಳಗಿಳಿಯಬಾರದು. ಮಣಿಕಟ್ಟಿನ ಪಟ್ಟಿಯೊಳಗೆ ಅಷ್ಟೇ ಓಮ್‌ನ ರೆಸಿಸ್ಟರ್ ಇರುವುದೂ ಇದೇ ಕಾರಣಕ್ಕೆ. ಕೋಣೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯ.

6. ಸಾಮಾನ್ಯ ವ್ಯಾಕ್ಸ್ ಪಾಲಿಶ್ ನಿಲ್ಲಿಸಿ. ಆ ಪದರ ನೆಲದ ಗುಣವನ್ನೇ ಮುಚ್ಚುತ್ತದೆ. ಒರೆಸುವವರಿಗೆ ಇದನ್ನು ಮೊದಲೇ, ತುಳುವಿನಲ್ಲೋ ಕನ್ನಡದಲ್ಲೋ ಹೇಳಿಕೊಡಿ.

7. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಿಂದ ಸ್ವಉದ್ಯೋಗ ತರಬೇತಿಯಲ್ಲಿ ಈ ತಾಲೂಕಿಗೆ ಹೆಸರಿದೆ. ಇಲ್ಲಿ ಯಾರೇ ಮೊಬೈಲ್ ರಿಪೇರಿ ಕಲಿಸಲಿ, ಸರಿಯಾದ ಮ್ಯಾಟ್ ಮತ್ತು ಅರ್ಥ್ ಇರುವ ಒಂದು ಮೇಜಾದರೂ ತರಗತಿಯಲ್ಲಿರಬೇಕು. ನೆಲ ಅಳೆಯುವ ಮೀಟರ್ ಸಣ್ಣ ಅಂಗಡಿಗೆ ದುಬಾರಿ. ತಾಲೂಕಿಗೆ ಒಂದಿದ್ದರೂ ನಡೆಯುತ್ತದೆ. ತರಬೇತಿ ಕೇಂದ್ರವೊಂದರಲ್ಲಿ ಅದನ್ನಿಡಿ. ಬಾಡಿಗೆ ನಾವು ಕೊಡುತ್ತೇವೆ.